ನೇರ ನಳಿಗೆ, ಸೊಟ್ಟ ದಾರಿ

“ಟೀಮ್ ಔಟಿಂಗ್ ಅಂತ ರೆಸಾರ್ಟಿಗೆ ಕರ್ಕೊಂಡು ಹೋಗಿದ್ರು. ಮ್ಯಾನೇಜರ್ ಎದೆಗೇ ಗುರಿ ಇಟ್ಟೆ. ಒಂದು ಕಿವಿ ಪಕ್ಕ ಹೋಯ್ತು, ಒಂದು ಕಾಲ ಹತ್ರ ಬಿತ್ತು, ಇನ್ನೊಂದು ಎತ್ಲಾಗೆ ಹೋಯ್ತೋ ದೇವರಿಗೇ ಗೊತ್ತು. ಗನ್ನೇ ಸರಿಯಿಲ್ಲ.” ಬೆಂಗಳೂರಿನಲ್ಲಿ ಕೆಲಸಕ್ಕಿದ್ದು ಹಬ್ಬಕ್ಕೆ ಕಂದಿಕೆರೆ, ಹುಳಿಯಾರು, ತಿಪಟೂರು ಕಡೆಗೆ ಬರುವ ಹುಡುಗರನ್ನು ಬಣ್ಣದ ಉಂಡೆ ಹೊಡೆಯುವ ಪೇಂಟ್‌ಬಾಲ್ ಆಟದ ಬಗ್ಗೆ ಕೇಳಿ ನೋಡಿ, ಹೆಚ್ಚುಕಡಿಮೆ ಇದೇ ದೂರು ಬರುತ್ತದೆ.

ಕೈ ನಡುಗಿರಬಹುದು, ಮ್ಯಾನೇಜರ್ ಎಂಬ ಅಂಜಿಕೆಯೂ ಇದ್ದಿರಬಹುದು. ಆದರೆ ಆ ಕೋವಿಯನ್ನು ಮೇಜಿಗೆ ಬಿಗಿದು, ಅಲುಗದಂತೆ ಕಟ್ಟಿ, ಒಂದರ ಹಿಂದೊಂದು ಉಂಡೆ ಹೊಡೆದರೂ ಎಲ್ಲವೂ ಒಂದೇ ಕಡೆ ಬೀಳುವುದಿಲ್ಲ. ತೋಟಕ್ಕೆ ನುಗ್ಗುವ ಕೋತಿಗಳನ್ನು ಬೆದರಿಸಲು ಪಿವಿಸಿ ಪೈಪಿನಲ್ಲಿ ಕೋವಿ ಮಾಡಿಕೊಂಡವರಿಗೂ ಇದು ಗೊತ್ತು. ಪೈಪು ದಾರ ಹಿಡಿದಷ್ಟು ನೇರ, ಅದರಿಂದ ಹೊರಟ ಕಲ್ಲಿಗೆ ಮಾತ್ರ ಅದರದೇ ದಾರಿ. (ಅಂಥ ಪೈಪುಗಳಿಂದ ಕಣ್ಣಿಗೆ ಕುತ್ತು ಬಂದದ್ದುಂಟು. ಕೋತಿಗೆ ನಾಲ್ಕು ಎಳನೀರು ಹೋದರೆ ಹೋಗಲಿ, ಅದರ ತಂಟೆ ಬೇಡ.)

ಆಟದ ರುಚಿ ಹತ್ತಿದವರು ಮೊದಲು ಮಾಡುವ ಖರ್ಚು ಹೊಸ ನಳಿಗೆಯದು. ಕೋವಿಯ ಜೊತೆ ಬಂದದ್ದನ್ನು ಬಿಚ್ಚಿಟ್ಟು, ಬೇರೆ ಕಂಪನಿಯ ಉದ್ದನೆಯ, ಮಿರುಗುವ ನಳಿಗೆಯೊಂದನ್ನು ತಿರುಗಿಸಿ ಕೂರಿಸುತ್ತಾರೆ. ಉದ್ದವಾದಷ್ಟೂ ಗುರಿ ನೇರ ಎಂಬ ನಂಬಿಕೆ. ಕೆಲವರಿಗೆ ಫಲ ಸಿಗುತ್ತದೆ, ಕೆಲವರಿಗೆ ಇದ್ದದ್ದೂ ಕೆಡುತ್ತದೆ. ನಳಿಗೆ ನಿಜವಾಗಿ ಮಾಡುವ ಕೆಲಸವೇನು ಎಂದು ತಿಳಿದರೆ ಈ ಎರಡೂ ಅರ್ಥವಾಗುತ್ತವೆ.

ದನದ ಮೈಗೆ ಬಣ್ಣ

ಈ ಕೋವಿ ಹುಟ್ಟಿದ್ದು ಆಟಕ್ಕಲ್ಲ. ಅಮೆರಿಕದ ನೆಲ್ಸನ್ ಪೇಂಟ್ ಕಂಪನಿ ಕಾಡಿನಲ್ಲಿ ಕಡಿಯಬೇಕಾದ ಮರಗಳಿಗೂ ಮಂದೆಯಲ್ಲಿ ಬೇರ್ಪಡಿಸಬೇಕಾದ ದನಗಳಿಗೂ ದೂರದಿಂದಲೇ ಬಣ್ಣದ ಗುರುತು ಹಾಕಲೆಂದು ಇದನ್ನು ಮಾರಿತು. ಮಾಡಿಕೊಟ್ಟದ್ದು ಏರ್‌ಗನ್‌ಗಳಿಗೆ ಹೆಸರಾದ ಡೈಸಿ ಕಂಪನಿ. ಆ ಪಿಸ್ತೂಲಿನ ಹೆಸರು ನೆಲ್‌ಸ್ಪಾಟ್ 007. ಹತ್ತಿರ ಬಿಟ್ಟುಕೊಳ್ಳದ ದನಕ್ಕೆ ಗುರುತು ಹಾಕುವುದು ಎಂಥ ಪಾಡು ಎಂದು ತಿಪಟೂರಿನ ಬಳಿಯ ಕೊನೇಹಳ್ಳಿಯ ಅಮೃತಮಹಲ್ ಮಂದೆಯನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಇವತ್ತಿಗೂ ಆಟಗಾರರು ಇದನ್ನು ಗನ್ ಎನ್ನದೆ ಮಾರ್ಕರ್ ಎನ್ನುವುದು ಆ ಹಳೆಯ ಕಸುಬಿನ ಋಣ.

1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಷೈರಿನ ಹೆನ್ನಿಕರ್ ಎಂಬಲ್ಲಿ 12 ಜನ ಇದೇ ಪಿಸ್ತೂಲು ಹಿಡಿದು ಕಾಡಿಗಿಳಿದರು. ಪೇಂಟ್‌ಬಾಲಿನ ಮೊದಲ ಆಟ ಅದು. ಗೆದ್ದ ರಿಚಿ ವೈಟ್ ಒಂದೇ ಒಂದು ಉಂಡೆ ಹೊಡೆಯದೆ, ಸದ್ದಿಲ್ಲದೆ ಗೆಲುವಿಗೆ ಬೇಕಾದ ಬಾವುಟಗಳನ್ನು ಕೂಡಿಸಿಕೊಂಡು ಬಂದ. ಆ ಪಿಸ್ತೂಲಿನ ಗುರಿಯ ಗುಣಕ್ಕೆ ಅದೇ ಜಾಣ ದಾರಿ ಎಂದು ನನ್ನ ಎಣಿಕೆ.

ಉಂಡೆಯನ್ನು ಸ್ವಲ್ಪ ನೋಡಬೇಕು, ಏಕೆಂದರೆ ಮುಂದಿನ ಕಥೆಯೆಲ್ಲ ಅದರದೇ. ಅದು ಮೆಡಿಕಲ್ ಅಂಗಡಿಯ ಮೀನೆಣ್ಣೆ ಗುಳಿಗೆಯ ನೆಂಟ. ಮೊದಮೊದಲು ಅದನ್ನು ತಯಾರಿಸಿದ್ದೂ ಔಷಧಿಯ ಗುಳಿಗೆ ಮಾಡುವ ಆರ್.ಪಿ. ಶೆರರ್ ಕಂಪನಿಯೇ. ಜೆಲಾಟಿನ್ ಚಿಪ್ಪು, ಒಳಗೆ ಬಣ್ಣ ಬೆರೆಸಿದ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಮಂದ ದ್ರವ. ಬರೀ ನೀರಿನ ಬಣ್ಣ ತುಂಬಿದರೆ ಚಿಪ್ಪು ಒಳಗಿನಿಂದಲೇ ಕರಗಿಹೋಗುತ್ತದೆ. ಅಡ್ಡಳತೆ ಸುಮಾರು 17.3 ಮಿಲಿಮೀಟರು, ತೂಕ 3 ಗ್ರಾಂ ಆಸುಪಾಸು. ಎರಡು ಅರ್ಧಗಳನ್ನು ಸೇರಿಸಿ ಮಾಡಿದ್ದರಿಂದ ನಡುವೆ ಒಂದು ಬೆಸುಗೆಗೆರೆ. ಜೆಲಾಟಿನ್ ಗಾಳಿಯ ತೇವ ಹೀರುತ್ತದೆ. ಹಾಗಾಗಿ ಮಳೆಗಾಲದಲ್ಲಿ ಬಿಚ್ಚಿಟ್ಟ ಉಂಡೆ ಊದಿಕೊಳ್ಳುತ್ತದೆ, ಒಂದೇ ಮಗ್ಗುಲಲ್ಲಿ ಬಿದ್ದಿದ್ದರೆ ಚಪ್ಪಟೆಯಾಗುತ್ತದೆ. ಅಚ್ಚುಕಟ್ಟಾದ ಲೋಹದ ನಳಿಗೆಯೊಳಗೆ ನಾವು ಹಾಕುವುದು ಇಂಥ ಮೆತ್ತನೆಯ, ಅಳತೆ ತಪ್ಪುವ ವಸ್ತುವನ್ನು.

ಗಲಗಲ

ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯನ್ನು ನಮ್ಮ ಕಡೆಯವರು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಗಲಗಲ ಎಂದರೆ ಕೊಬ್ಬರಿ ಉಂಡೆಯಾಗಿ ಚಿಪ್ಪು ಬಿಟ್ಟಿದೆ ಎಂದರ್ಥ. ಚಿಪ್ಪಿಗೂ ಕೊಬ್ಬರಿಗೂ ನಡುವೆ ಎಷ್ಟು ಸಂದು ಎನ್ನುವುದನ್ನು ಕಿವಿಯೇ ಹೇಳಿಬಿಡುತ್ತದೆ. ನಳಿಗೆಯೊಳಗಿನ ಬಣ್ಣದ ಉಂಡೆಗೂ ಇದೇ ಲೆಕ್ಕ. ವ್ಯತ್ಯಾಸವಿಷ್ಟೇ: ಕೊಬ್ಬರಿಗೆ ಗಲಗಲ ಶುಭ, ಇಲ್ಲಿ ಅದೇ ಕೇಡು.

ಟ್ರಿಗರ್ ಎಳೆದಾಗ ಒತ್ತಿಟ್ಟ ಗಾಳಿ ಉಂಡೆಯ ಹಿಂದೆ ನುಗ್ಗಿ ಅದನ್ನು ಮುಂದಕ್ಕೆ ನೂಕುತ್ತದೆ. ಸಂದು ದೊಡ್ಡದಿದ್ದರೆ ಒಂದಿಷ್ಟು ಗಾಳಿ ಉಂಡೆಯನ್ನು ನೂಕದೆ ಅದರ ಪಕ್ಕದಿಂದಲೇ ಸೋರಿಹೋಗುತ್ತದೆ. ಉಂಡೆಯಿಂದ ಉಂಡೆಗೆ ಗಾತ್ರ ಬೇರೆ, ಆದ್ದರಿಂದ ಸೋರಿಕೆಯೂ ಬೇರೆ, ವೇಗವೂ ಬೇರೆ. ಆಟದ ನಿಯಮದಂತೆ ಉಂಡೆ ಸೆಕೆಂಡಿಗೆ 91 ಮೀಟರು, ಅಂದರೆ 300 ಅಡಿ, ಮೀರಬಾರದು. ಮೈದಾನದವರು ಇನ್ನೂ ಸ್ವಲ್ಪ ಕೆಳಗೇ, 85ರ ಸುಮಾರಿಗೆ ಇಟ್ಟಿರುತ್ತಾರೆ.

ತೆಂಗಿನ ಸಾಲಿನ ನಡುವೆ 30 ಅಡಿ ಬಿಟ್ಟಿರುವ ತೋಟ ಎಂದಿಟ್ಟುಕೊಳ್ಳಿ. ನಾಲ್ಕು ಸಾಲು ದಾಟಲು, ಅಂದರೆ ಸುಮಾರು 36 ಮೀಟರು ಹೋಗಲು, ಉಂಡೆಗೆ ಮುಕ್ಕಾಲು ಸೆಕೆಂಡಿಗಿಂತ ಕಡಿಮೆ ಸಾಕು. ಅಷ್ಟರಲ್ಲಿ ಗಾಳಿಯ ತಡೆಗೆ ಸಿಕ್ಕಿ ಅದರ ವೇಗ ಅರ್ಧಕ್ಕಿಂತ ಕೆಳಗಿಳಿದಿರುತ್ತದೆ, ಉಂಡೆ ಹೆಚ್ಚುಕಡಿಮೆ ಆಳೆತ್ತರ ಕೆಳಗೆ ಬಿದ್ದಿರುತ್ತದೆ. ಹೊರಡುವಾಗಿನ ವೇಗ 85ರ ಬದಲು 80 ಆಯಿತೆನ್ನಿ, ನಾಲ್ಕನೇ ಸಾಲಿನಲ್ಲಿ ಉಂಡೆ ಇನ್ನೂ ಒಂದು ಗೇಣು ಕೆಳಗೆ. ಮ್ಯಾನೇಜರ್ ಕಾಲ ಹತ್ತಿರ ಬಿದ್ದ ಉಂಡೆಯ ಲೆಕ್ಕದ ಒಂದು ಭಾಗ ಇಲ್ಲೇ ಸಿಕ್ಕಿತು.

ಸಂದು ಅಳೆಯಲು ಆಟಗಾರರು ಬಳಸುವ ಉಪಾಯ ನನಗೆ ಬಲು ಇಷ್ಟ. ಬಿಚ್ಚಿದ ನಳಿಗೆಯ ಹಿಂಬದಿಯಲ್ಲಿ ಒಂದು ಉಂಡೆ ಇಡುತ್ತಾರೆ. ಅದು ತಾನಾಗಿ ಉರುಳಿ ಆಚೆ ಬಿದ್ದರೆ ಸಂದು ಹೆಚ್ಚು. ನಿಂತುಕೊಂಡರೆ ಬಾಯಿಟ್ಟು ಊದುತ್ತಾರೆ. ಒಂದು ಉಸಿರಿಗೆ ಪಟ್ಟನೆ ಹೊರಟರೆ ಅಳತೆ ಸರಿ, ಕೆನ್ನೆ ಉಬ್ಬಿಸಿ ಊದಿದರೂ ಕದಲದಿದ್ದರೆ ಬಿಗಿ. ಕೆಲವು ನಳಿಗೆಗಳ ಕಿಟ್ಟಿನಲ್ಲಿ ಒಳಗೆ ತೂರಿಸುವ ತೆಳುವಾದ ಎಂಟು ಕೊಳವೆಗಳಿರುತ್ತವೆ, 17.25ರಿಂದ 17.65 ಮಿಲಿಮೀಟರಿನವರೆಗೆ. ಕೂದಲೆಳೆಯಷ್ಟು ವ್ಯತ್ಯಾಸಕ್ಕೆ ಎಂಟು ಕೊಳವೆ! ಆ ದಿನ ಬಿಚ್ಚಿದ ಚೀಲದ ಉಂಡೆಗೆ ಯಾವುದು ಹೊಂದುವುದೋ ಅದನ್ನು ಊದಿ ಆರಿಸುತ್ತಾರೆ.

ಉದ್ದದ ವಿಷಯ ಎರಡು ಮಾತಿನಲ್ಲಿ ಮುಗಿಯುತ್ತದೆ. ನುಗ್ಗಿದ ಗಾಳಿ ಹಿಗ್ಗಿ ತನ್ನ ಬಲ ಕಳೆದುಕೊಳ್ಳಲು 8–10 ಇಂಚು ಸಾಕು. ಅದರಾಚೆಗಿನ ನಳಿಗೆ ಉಂಡೆಗೆ ಏನೂ ಕೊಡುವುದಿಲ್ಲ, ಉಜ್ಜುತ್ತದೆ ಅಷ್ಟೆ. 14 ಇಂಚಿನ ನಳಿಗೆಗಳ ಮುಂಭಾಗದಲ್ಲಿ ತೂತುಗಳಿರುವುದು ಉಳಿದ ಗಾಳಿಯನ್ನು ಮೆಲ್ಲಗೆ ಹೊರಬಿಟ್ಟು ಸದ್ದು ತಗ್ಗಿಸಲು. ಆ ಭಾಗವನ್ನು ಒಂದು ಎಳೆ ಅಗಲವಾಗಿ ಕೊರೆದಿರುವುದೂ ಉಂಟು.

ಟೆಫ್ಲಾನ್ ಟೇಪ್ ಬೇಡ

ನಳಿಗೆ ಕೂರಿಸುವ ಮೊದಲು ಮುಖದ ಮೇಲೆ ಆಟದ ರಕ್ಷಣಾ ಕನ್ನಡಕ ಇರಲಿ. ಉಂಡೆಗಳ ಡಬ್ಬಿ ತೆಗೆಯಬೇಕು, ಗಾಳಿಯ ಸಿಲಿಂಡರ್ ಬಿಚ್ಚಬೇಕು, ಒಳಗೆ ಉಳಿದ ಗಾಳಿಯನ್ನು ನೆಲದ ಕಡೆ ಹೊಡೆದು ಖಾಲಿ ಮಾಡಬೇಕು, ಉಂಡೆ ಕೂರುವ ಜಾಗ ಬರಿದಾಗಿದೆಯೇ ಎಂದು ಕಣ್ಣಾರೆ ನೋಡಬೇಕು. ಈ ಕ್ರಮ ತಪ್ಪಿಸಿ ನಳಿಗೆಗೆ ಕಣ್ಣಿಟ್ಟು ನೋಡುವವನಿಗೆ ಭೌತಶಾಸ್ತ್ರ ಹೇಳಿ ಪ್ರಯೋಜನವಿಲ್ಲ.

ಕೊಳವೆಬಾವಿಯ ಪೈಪು, ಹನಿ ನೀರಾವರಿಯ ಜೋಡಣೆ ಮಾಡಿ ಅಭ್ಯಾಸವಿರುವ ಕೈ ಇಲ್ಲಿ ಎಡವುವುದುಂಟು. ನೀರಿನ ಪೈಪಿನ ಥ್ರೆಡ್ ತುದಿಗೆ ಹೋಗುತ್ತ ಕಿರಿದಾಗುತ್ತದೆ. ತಿರುಗಿಸಿದಷ್ಟೂ ಬಿಗಿಯಾಗುತ್ತದೆ, ಟೇಪು ಸುತ್ತಿದರೆ ಹನಿಯೂ ಸೋರದು. ನಳಿಗೆಯ ಥ್ರೆಡ್ ಹಾಗಲ್ಲ, ಉದ್ದಕ್ಕೂ ಒಂದೇ ಗಾತ್ರ. ಅದರ ಕೆಲಸ ಸೋರಿಕೆ ತಡೆಯುವುದಲ್ಲ, ನಳಿಗೆಯನ್ನು ಒಳಕ್ಕೆಳೆದು ಅದರ ಅಂಚಿನ ಸುತ್ತುಗಟ್ಟನ್ನು ಕೋವಿಯ ಮೈಗೆ ಒತ್ತಿ ನಿಲ್ಲಿಸುವುದು. ಆ ಸುತ್ತುಗಟ್ಟೇ ನಳಿಗೆಯ ದಿಕ್ಕನ್ನು ತೀರ್ಮಾನಿಸುತ್ತದೆ. ಅಲ್ಲಿ ಟೇಪಿನ ಚೂರೋ, ಒಣಗಿದ ಬಣ್ಣದ ಹಕ್ಕಳೆಯೋ, ಮರಳಿನ ಕಣವೋ ಸಿಕ್ಕಿಕೊಂಡರೆ ನಳಿಗೆ ಒಂದು ಮಗ್ಗುಲಿಗೆ ವಾಲುತ್ತದೆ. 25 ಮಿಲಿಮೀಟರ್ ಅಗಲದ ಸುತ್ತುಗಟ್ಟಿನ ಒಂದು ಬದಿಗೆ 0.1 ಮಿಲಿಮೀಟರಿನ ಕಸ ಸಿಕ್ಕರೆ, 35 ಸೆಂಟಿಮೀಟರ್ ಉದ್ದದ ನಳಿಗೆಯ ತುದಿ 1.4 ಮಿಲಿಮೀಟರ್ ಸರಿಯುತ್ತದೆ. ನಾಲ್ಕನೇ ತೆಂಗಿನ ಸಾಲಿನಲ್ಲಿ ಅದು 14 ಸೆಂಟಿಮೀಟರ್.

ಇಷ್ಟಕ್ಕೆ ಅಂಜಬೇಕಾಗಿಲ್ಲ. ಪ್ರತಿ ಉಂಡೆಯೂ 14 ಸೆಂಟಿಮೀಟರ್ ಬಲಕ್ಕೆ ಹೋದರೆ ನಾವು ಅಷ್ಟೇ ಎಡಕ್ಕೆ ಗುರಿ ಇಟ್ಟರಾಯಿತು. ಒಂದೇ ತಪ್ಪನ್ನು ಮತ್ತೆ ಮತ್ತೆ ಮಾಡುವ ಯಂತ್ರವನ್ನು ತಿದ್ದಬಹುದು, ದಿನಕ್ಕೊಂದು ತಪ್ಪು ಮಾಡುವುದನ್ನು ತಿದ್ದಲಾಗದು. ತೊಂದರೆ ಇರುವುದು ನಳಿಗೆಯ ಬುಡದಲ್ಲಿ. ಉಂಡೆಯನ್ನು ಹಿಂದಿನಿಂದ ತಳ್ಳುವ ಬೋಲ್ಟಿನ ನಡುಗೆರೆಯೂ ನಳಿಗೆಯ ನಡುಗೆರೆಯೂ ಒಂದಾಗಿರದಿದ್ದರೆ ನಳಿಗೆಯ ಅಂಚು ಒಂದು ಕಡೆ ಒಳಚಾಚಿ ನಿಂತಿರುತ್ತದೆ. ಒಳಹೋಗುವ ಉಂಡೆ ಅದಕ್ಕೆ ತಗುಲಿ ತರಚುತ್ತದೆ, ಕೆಲವು ಅಲ್ಲೇ ಒಡೆಯುತ್ತವೆ.

ಇದನ್ನು ನೋಡುವುದು ಸುಲಭ. ಬೋಲ್ಟ್ ಹೊರತೆಗೆಯಲು ಬರುವ ಕೋವಿಯಾದರೆ ಅದನ್ನು ತೆಗೆದು, ಹಿಂಬದಿಯಿಂದ ಬೆಳಕಿನ ಕಡೆಗೆ ಹಿಡಿದು ನೋಡಿ. ಒಂದರೊಳಗೊಂದು ವೃತ್ತಗಳು ಕಾಣುತ್ತವೆ. ಎಲ್ಲ ಕಡೆ ಸಮನಾದ ಉಂಗುರ ಕಂಡರೆ ಸರಿ, ಒಂದು ಕಡೆ ದಪ್ಪ ಒಂದು ಕಡೆ ಸಣಕಲಾಗಿ ಎಳೆಯ ಚಂದ್ರನ ಆಕಾರ ಕಂಡರೆ ಬಿಚ್ಚಿ ಒರೆಸಿ ಮತ್ತೆ ಹಾಕಬೇಕು. ತಿರುಗಿಸುವಾಗ ಮೊದಲು ಹಿಮ್ಮುಖವಾಗಿ ಮೆಲ್ಲಗೆ ತಿರುಗಿಸುವುದು, ಟಕ್ ಎಂದು ಥ್ರೆಡ್ ಬಿದ್ದ ಸದ್ದಾದ ಮೇಲೆ ಮುಮ್ಮುಖ. ಅಡ್ಡ ಹತ್ತಿದರೆ ಅಲ್ಯೂಮಿನಿಯಂ ಥ್ರೆಡ್ ಕ್ಷಣದಲ್ಲಿ ಕೆಟ್ಟುಹೋಗುತ್ತದೆ. ಕೈಬಿಗಿ ಸಾಕು, ಸ್ಪ್ಯಾನರ್ ಹತ್ತಿರವೂ ತರಬಾರದು. ಇನ್ನು ಕೊಳ್ಳುವಾಗಲೇ ಥ್ರೆಡ್ ಯಾವುದೆಂದು ಕೇಳಬೇಕು: ಆಟೋಕಾಕರ್, ಸ್ಪೈಡರ್, ಟಿಪ್‌ಮನ್ 98, ಎ-5, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ.

ತರಚಿದ ಉಂಡೆ ಒಡೆಯದೆ ಹೊರಬಂದರೂ ಸೊಟ್ಟ ಹೋಗುತ್ತದೆ. ಹಿಂದಿನ ಉಂಡೆ ಒಡೆದು ನಳಿಗೆ ಒದ್ದೆಯಾಗಿದ್ದರಂತೂ ಮುಂದಿನವು ಗಾಳಿಯಲ್ಲಿ ಕೊಕ್ಕೆಯ ಹಾಗೆ ಬಾಗುವುದನ್ನು ಬರಿಗಣ್ಣಿಗೇ ಕಾಣಬಹುದು. ನಳಿಗೆ ಬಿಟ್ಟ ಮೇಲೆ ಉಂಡೆಯನ್ನು ಮುಟ್ಟುವವರು ಯಾರೂ ಇಲ್ಲ. ಆದರೂ ಅದು ದಾರಿಯ ನಡುವೆ ಬಾಗುತ್ತದೆ. ಒಳಗೆ ಉಜ್ಜಿದ ನೆನಪನ್ನು ಅದು ಹೊರಗೆ ಹೇಗೆ ಹೊತ್ತು ತರುತ್ತದೆ?

ಕೋವಿ ಬಗ್ಗಿಸಿದವನು

ಉತ್ತರ ಕಂಡುಕೊಂಡವನು ಬೆಂಜಮಿನ್ ರಾಬಿನ್ಸ್. ಇಂಗ್ಲೆಂಡಿನ ಬಾತ್ ಊರಿನವನು, ಗಣಿತ ಬಲ್ಲವನು. ತೋಪುವಿದ್ಯೆಯನ್ನು ಊಹೆಯಿಂದ ಲೆಕ್ಕಕ್ಕೆ ತಂದ ಅವನ ಪುಸ್ತಕ 1742ರಲ್ಲಿ ಬಂತು. ಆ ಕಾಲದ ಕೋವಿಗಳ ನಳಿಗೆ ನಯ, ಗುಂಡು ದುಂಡಗೆ, ನಡುವೆ ಧಾರಾಳ ಸಂದು. ಇವತ್ತಿನ ಪೇಂಟ್‌ಬಾಲ್ ಕೋವಿಯ ಹಾಗೆಯೇ. ಅವೂ ಎತ್ತೆತ್ತಲೋ ಹೊಡೆಯುತ್ತಿದ್ದವು. ಗುಂಡು ನಳಿಗೆಯ ಗೋಡೆಗೆ ಉಜ್ಜಿ ಸುತ್ತಲು ತೊಡಗುತ್ತದೆ, ಆ ಸುತ್ತೇ ಅದನ್ನು ಗಾಳಿಯಲ್ಲಿ ಬಾಗಿಸುತ್ತದೆ ಎಂದು ರಾಬಿನ್ಸ್ ಹೇಳಿದ. ನಂಬಿಸಲು ಒಂದು ಕೋವಿಯ ನಳಿಗೆಯ ತುದಿಯನ್ನು ಬೇಕೆಂದೇ ಎಡಕ್ಕೆ ಬಗ್ಗಿಸಿದ.

ಎಡಕ್ಕೆ ಬಗ್ಗಿದ ಕೋವಿಯಿಂದ ಗುಂಡು ಎತ್ತ ಹೋಗಬೇಕು? ಯಾರನ್ನು ಕೇಳಿದರೂ ಎಡಕ್ಕೆ ಎನ್ನುತ್ತಾರೆ. ರಾಬಿನ್ಸ್ ದಾರಿಯುದ್ದಕ್ಕೂ ತೆಳು ಕಾಗದದ ಪರದೆಗಳನ್ನು ನಿಲ್ಲಿಸಿ ಹೊಡೆದ. ತೂತುಗಳು ಹೇಳಿದ ಕಥೆ ಹೀಗಿತ್ತು: ಗುಂಡು ಮೊದಲು ಎಡಕ್ಕೇ ಹೊರಟಿತು, ಹೋಗುತ್ತ ಹೋಗುತ್ತ ಬಲಕ್ಕೆ ಬಾಗಿತು. ನಳಿಗೆ ಎಡಕ್ಕೆ ತಿರುಗಿದಾಗ ನೇರ ಹೋಗಬಯಸುವ ಗುಂಡು ಬಲಗೋಡೆಗೆ ಒತ್ತಿಕೊಳ್ಳುತ್ತದೆ. ಬಲಮಗ್ಗುಲು ಉಜ್ಜಿ ತಡವಾಗುತ್ತದೆ, ಎಡಮಗ್ಗುಲು ಮುಂದೆ ಓಡುತ್ತದೆ, ಗುಂಡು ಬುಗುರಿಯಾಗುತ್ತದೆ. ಎಷ್ಟೋ ಸಲ ಮನಸ್ಸು ಒಪ್ಪದ ಒಂದು ನಿಯಮ ಇಲ್ಲಿದೆ. ಯಾವ ಗೋಡೆಗೆ ಉಜ್ಜಿತೋ ಹೊರಗೆ ಆ ದಿಕ್ಕಿಗೇ ಬಾಗುತ್ತದೆ.

ಏಕೆ ಎಂಬುದು ಗಾಳಿಯ ವಿಚಾರ. ಉಂಡೆಯ ಮೇಲ್ಮೈ ತನಗೆ ತಾಗಿದ ಗಾಳಿಯ ತೆಳು ಪದರವನ್ನು ಜೊತೆಗೆ ಎಳೆದಾಡುತ್ತದೆ. ನಳಿಗೆಯ ಚಾವಣಿಗೆ ಉಜ್ಜಿದ ಉಂಡೆಯನ್ನು ತೆಗೆದುಕೊಳ್ಳಿ. ಅದರ ನೆತ್ತಿ ಹೊಡೆದವನ ಕಡೆಗೆ, ಬುಡ ಗುರಿಯ ಕಡೆಗೆ ಸುತ್ತುತ್ತಿರುತ್ತದೆ. ಇದನ್ನು ಹಿಂಸುತ್ತು ಎನ್ನೋಣ, ಆಟಗಾರರ ಮಾತಿನಲ್ಲಿ ಬ್ಯಾಕ್‌ಸ್ಪಿನ್. ನೆತ್ತಿಯ ಮೇಲೆ ಹಾಯುವ ಗಾಳಿ ಮತ್ತು ಮೇಲ್ಮೈ ಒಂದೇ ದಿಕ್ಕಿಗೆ ಓಡುವುದರಿಂದ ಆ ಗಾಳಿ ಬೇಗ ಕಳಚಿಕೊಳ್ಳದೆ ಉಂಡೆಯ ಬೆನ್ನನ್ನು ಬಳಸಿ ಕೆಳಕ್ಕಿಳಿಯುತ್ತದೆ. ಬುಡದಲ್ಲಿ ಮೇಲ್ಮೈ ಗಾಳಿಗೆ ಎದುರಾಗುತ್ತದೆ, ಅಲ್ಲಿನ ಗಾಳಿ ಬೇಗನೆ ಬಿಟ್ಟುಹೋಗುತ್ತದೆ. ಒಟ್ಟಾರೆ ಉಂಡೆ ತನ್ನ ಹಿಂದಿನ ಗಾಳಿಯನ್ನು ಕೆಳಕ್ಕೆ ಎಸೆಯುತ್ತ ಹೋಗುತ್ತದೆ. ಕೆಳಕ್ಕೆ ಎಸೆದದ್ದಕ್ಕೆ ಪ್ರತಿಯಾಗಿ ತಾನು ಮೇಲಕ್ಕೆ ತಳ್ಳಿಸಿಕೊಳ್ಳುತ್ತದೆ. ಬಲಗೋಡೆಗೆ ಉಜ್ಜಿದ್ದರೆ ಇದೇ ಕಥೆ ಮಗ್ಗುಲಾಗಿ ನಡೆಯುತ್ತದೆ.

ರಾಬಿನ್ಸನ ಪುಸ್ತಕವನ್ನು 1745ರಲ್ಲಿ ಜರ್ಮನ್ ಭಾಷೆಗೆ ತಂದವನು ಲಿಯೊನಾರ್ಡ್ ಆಯ್ಲರ್, ಆ ಶತಮಾನದ ಗಣಿತದ ದೊರೆ. ಸುತ್ತೇ ಗುಂಡನ್ನು ಬಾಗಿಸುತ್ತದೆ ಎಂಬ ಮಾತನ್ನು ಮಾತ್ರ ಅವನು ಒಪ್ಪಲಿಲ್ಲ. ಗುಂಡು ಪೂರ್ತಿ ದುಂಡಗಿಲ್ಲದ್ದೇ ಕಾರಣ ಎಂದ. ನೂರು ವರ್ಷ ಕಳೆದು 1850ರ ದಶಕದಲ್ಲಿ ಬರ್ಲಿನ್ನಿನ ಗುಸ್ತಾವ್ ಮ್ಯಾಗ್ನಸ್ ರಾಬಿನ್ಸನ ಮಾತನ್ನು ಮತ್ತೆ ಪರೀಕ್ಷಿಸಿದ, ಈ ಬಾಗುವಿಕೆಗೆ ಹೆಸರೂ ಅವನದೇ ಆಯಿತು. ರಾಬಿನ್ಸ್ ಅಷ್ಟರಲ್ಲಿ ನಮ್ಮ ನೆಲದಲ್ಲಿ ಮಣ್ಣಾಗಿದ್ದ. ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ಸರಿಪಡಿಸಲು 1750ರಲ್ಲಿ ಮದರಾಸಿನ ಕಡೆಗೆ ಬಂದವನು, ಮರುವರ್ಷ ಜ್ವರಕ್ಕೆ ತುತ್ತಾಗಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ.

ಸುತ್ತನ್ನು ಪಳಗಿಸುವ ಒಂದು ದಾರಿಯನ್ನು ರೈಫಲ್ ಬಲ್ಲದು. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ. (ಕೊಬ್ಬರಿ ದರ ನೋಡಿ ಬದುಕುವ ನಮ್ಮವರಿಗೆ ಇದು ಹೊಟ್ಟೆ ಉರಿಸುವ ಆಟ.) ಅಲ್ಲಿನ ರೈಫಲಿನ ಒಳಗೋಡೆಯಲ್ಲಿ ಕೊರೆದ ಸುರುಳಿ ಗೆರೆಗಳು ಗುಂಡನ್ನು ಅದು ಸಾಗುವ ದಿಕ್ಕನ್ನೇ ಅಚ್ಚಾಗಿಸಿ ತಿರುಗಿಸುತ್ತವೆ. ಆ ಸುತ್ತಿಗೆ ಗಾಳಿಯನ್ನು ಯಾವ ಮಗ್ಗುಲಿಗೂ ಎಸೆಯಲು ಬರುವುದಿಲ್ಲ. ಪೇಂಟ್‌ಬಾಲಿಗೂ ಸುರುಳಿ ಗೆರೆಯ ನಳಿಗೆ ಮಾಡಿ ನೋಡಿದ್ದಾರೆ. ಚಿಪ್ಪು ತಿರುಗಿದರೂ ಒಳಗಿನ ದ್ರವ ಹಿಂದೆ ಬೀಳುತ್ತದೆ. ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

ಬೇಕೆಂದೇ ಬಾಗಿದ್ದು

ಹಾಗಾದರೆ ಉಂಡೆ ಒಂದೇ ಗೋಡೆಗೆ, ಪ್ರತಿ ಸಲವೂ ಚಾವಣಿಗೇ, ಉಜ್ಜುವಂತೆ ಮಾಡಿಬಿಟ್ಟರೆ? ಅಮೆರಿಕದ ಟಿಪ್‌ಮನ್ ಕಂಪನಿಯ ಫ್ಲಾಟ್‌ಲೈನ್ ಎಂಬ ನಳಿಗೆ ಇದನ್ನೇ ಮಾಡುತ್ತದೆ. ಒಳಗಿನ ಕೊಳವೆ ತುದಿಗೆ ಹೋಗುತ್ತ ಕೆಳಮುಖವಾಗಿ ಕೊಂಚ ಬಾಗಿದೆ. ನೇರ ಹೋಗಬಯಸುವ ಉಂಡೆ ಚಾವಣಿಗೆ ಒತ್ತಿಕೊಂಡು ಹಿಂಸುತ್ತು ಪಡೆದು ಹೊರಬರುತ್ತದೆ. ಗಾಳಿ ಅದನ್ನು ಎತ್ತಿ ಹಿಡಿಯುತ್ತದೆ. ನಾಲ್ಕನೇ ಸಾಲಿಗೆ ಆಳೆತ್ತರ ಕುಸಿಯಬೇಕಿದ್ದ ಉಂಡೆ ಹೆಚ್ಚುಕಡಿಮೆ ಮಟ್ಟಸವಾಗಿ ಸಾಗುತ್ತದೆ. ರಾಬಿನ್ಸನ ಬಗ್ಗಿದ ಕೋವಿಯೇ ಇದು, ಎಡಕ್ಕಿದ್ದದ್ದು ಕೆಳಕ್ಕೆ ತಿರುಗಿದೆ ಅಷ್ಟೆ.

ಕೂರಿಸುವಾಗ ಹೊಸ ತಲೆನೋವು ಇಲ್ಲೇ ಶುರು. ಸಾಮಾನ್ಯ ನಳಿಗೆ ಎಲ್ಲ ಕಡೆಯಿಂದಲೂ ಒಂದೇ. ಕಾಲು ಸುತ್ತು ಹೆಚ್ಚು ತಿರುಗಿಸಿದರೂ ಕಡಿಮೆ ತಿರುಗಿಸಿದರೂ ಉಂಡೆಗೆ ಗೊತ್ತಾಗದು. ಬಾಗಿದ ನಳಿಗೆಗೆ ತಲೆ ಬೇರೆ, ಬುಡ ಬೇರೆ. ಅದರ ತಲೆ ಆಕಾಶಕ್ಕೆ ನೇರವಾಗಿರದೆ ಎಡಕ್ಕೆ ವಾಲಿದರೆ ಉಂಡೆಯನ್ನು ಎತ್ತುವ ಬಲವೂ ಎಡಕ್ಕೆ ವಾಲುತ್ತದೆ. 10 ಡಿಗ್ರಿ ವಾಲಿದರೆ ಎತ್ತುವ ಬಲದಲ್ಲಿ ನೂರಕ್ಕೆ 17 ಪಾಲು ಪಕ್ಕಕ್ಕೆ ಎಳೆಯುತ್ತದೆ, ನಾಲ್ಕನೇ ಸಾಲಿನಲ್ಲಿ ಉಂಡೆ ಹೆಚ್ಚುಕಡಿಮೆ ಒಂದಡಿ ಎಡಕ್ಕೆ. ಪೂರ್ತಿ ತಲೆಕೆಳಗಾಗಿ ಕೂರಿಸಿದರೆ ಉಂಡೆ ನೆಲಕ್ಕೆ ಮುಗ್ಗರಿಸುತ್ತದೆ. ಪಳಗಿದವರು ಇದನ್ನೇ ಆಟಕ್ಕೆ ಬಳಸುತ್ತಾರೆ. ಕೋವಿಯನ್ನು ಅಡ್ಡ ಹಿಡಿದು, ಅಡ್ಡಗಟ್ಟೆಯ ಹಿಂದೆ ಅಡಗಿದವನಿಗೆ ಉಂಡೆಯನ್ನು ಬಳಸುದಾರಿಯಲ್ಲಿ ಕಳಿಸುತ್ತಾರೆ.

ಸರಿ ಕೂರಿಸಲು ಗಾರೆಯವರ ತೂಗುಗುಂಡು ಬೇಕು. ಗಾಳಿ ಏಳುವ ಮೊದಲು, ಬೆಳಗಿನ ಹೊತ್ತು, ನಾಲ್ಕನೇ ಸಾಲಿನಲ್ಲಿ ಹರಡಿ ಕಟ್ಟಿದ ಬಿಳಿ ಬಟ್ಟೆಯ ಮುಂದೆ ಅದನ್ನು ಇಳಿಬಿಡಿ. ಕೋವಿಯ ಹಿಡಿ ಆ ದಾರಕ್ಕೆ ಸಮನಾಗಿ ನೆಟ್ಟಗಿರುವಂತೆ ಮೇಜಿಗೆ ಬಿಗಿದು ಕೆಲವು ಉಂಡೆ ಹೊಡೆಯಿರಿ. ಒಂದು ಉಂಡೆಯ ಮಾತು ನಂಬಬೇಡಿ, ಕಲೆಗಳ ಗುಂಪಿನ ನಡು ಎಲ್ಲಿದೆ ನೋಡಿ. ಗುಂಪು ದಾರದ ಎಡಕ್ಕಿದ್ದರೆ ನಳಿಗೆಯ ತಲೆ ಎಡಕ್ಕೆ ವಾಲಿದೆ, ಅದನ್ನು ಹಿಡಿದಿರುವ ಸ್ಕ್ರೂ ಸಡಿಲಿಸಿ ಕೂದಲೆಳೆ ಬಲಕ್ಕೆ ತಿರುಗಿಸಿ. ಬರೀ ನಳಿಗೆಯ ದಿಕ್ಕು ತಪ್ಪಿದೆಯೋ ಸುತ್ತು ವಾಲಿದೆಯೋ ಎಂಬ ಅನುಮಾನ ಬಂದರೆ ಎರಡನೇ ಸಾಲಿಗೂ ಒಂದು ಬಟ್ಟೆ ಕಟ್ಟಿ ಹೊಡೆದು ನೋಡಿ. ದಿಕ್ಕು ತಪ್ಪಿದ್ದರೆ ದೂರ ಎರಡರಷ್ಟಾದಾಗ ತಪ್ಪೂ ಎರಡರಷ್ಟು. ಸುತ್ತು ವಾಲಿದ್ದರೆ ಉಂಡೆ ಬಾಗುತ್ತಲೇ ಹೋಗುವುದರಿಂದ ತಪ್ಪು ಎರಡರಷ್ಟಲ್ಲ, ನಾಲ್ಕರಷ್ಟಕ್ಕೂ ಮೀರುತ್ತದೆ.

ಗುಂಪು ದಾರದ ಮೇಲೆ ಬಂದು ನಿಂತ ಮೇಲೂ ಕಲೆಗಳು ಒಂದರ ಮೇಲೊಂದು ಬೀಳುವುದಿಲ್ಲ, ಸುತ್ತ ಹರಡಿಯೇ ಇರುತ್ತವೆ. ಅದು ಬೆಸುಗೆಗೆರೆಯ ಕೆಲಸ, ಊದಿಕೊಂಡ ಚಿಪ್ಪಿನ ಕೆಲಸ. ಆಯ್ಲರ್ ಹೇಳಿದ ದುಂಡಗಿಲ್ಲದ ಗುಂಡು ಈ ಮೂಲೆಯಲ್ಲಿ ತನ್ನ ಪಾಲು ಕೇಳುತ್ತದೆ. ಅಲ್ಲಿಗೆ ನಳಿಗೆಯ ಕೆಲಸ ಮುಗಿಯಿತು. ಎರಡನೆಯ ದುಬಾರಿ ನಳಿಗೆಗೆ ಎತ್ತಿಟ್ಟ ದುಡ್ಡಿನಲ್ಲಿ ಸೀಲ್ ಒಡೆಯದ ಹೊಸ ಉಂಡೆಗಳ ಚೀಲ ಕೊಳ್ಳುವುದು ಮೇಲು, ಅದನ್ನೂ ಮಳೆ ಹಿಡಿದ ದಿನ ಬಿಚ್ಚಬಾರದು.